ಅಮ್ಮನ ಎರಡು ಫೋನು

ಮಾರ್ಚ್ ೧೨, ಗುರುವಾರ

ಆ ಮಾತು ಯಾಕಾದರೂ ಆಡಿದೆನೋ.

ಕಾಲೇಜಿನಲ್ಲಿ ನಾನು ಜ್ಞಾನಸ್ನಾನ ಪಡೆದು ಕ್ರೈಸ್ತಳಾದಂದಿನಿಂದ ಅಮ್ಮ ಚರ್ಚಿನ ಸುದ್ದಿ ಎತ್ತಿದವಳಲ್ಲ. ಇವತ್ತು ಬೆಳಿಗ್ಗೆ ಫೋನ್ ಮಾಡಿ, "ಅಪ್ಪಂಗೆ ಆಪರೇಷನ್ ಮಾಡೋಕಾಗಲ್ಲ ಅಂದ್ಬಿಟ್ರು ಡಾಕ್ಟ್ರು. ನಿನ್ನ ದೇವರಿಗೊಂದು ಮಾತು ಹೇಳೇ" ಅಂದಳು.

"ಹೇಳ್ತೀನಮ್ಮ" ಅಂದೆ, ಹಾಸ್ಟೆಲ್ ಹುಡುಗಿಯರಿಗೆ ಧೈರ್ಯ ಹೇಳುವ ಅದೇ ದನಿಯಲ್ಲಿ. ಕ್ಯಾಂಪಸ್ ಮಿಷನರಿಯಾಗಿ ಎರಡು ವರ್ಷದಿಂದ ಅವರಿಗೆ ಪ್ರಾರ್ಥನೆ ಕಲಿಸುತ್ತಿರುವವಳು ನಾನು. ಮಧ್ಯಾಹ್ನ ಒಂದು ಗಂಟೆ ಮಂಡಿಯೂರಿದರೂ ಜಪಸರದ ಮೊದಲ ಮಣಿ ದಾಟಲಾಗಲಿಲ್ಲ.

ಸಂಜೆ ಮತ್ತೆ ಅಮ್ಮ. "ಹೇಳಿದ್ಯಾ? ಏನಂದ್ರು?" ಇನ್ನೊಬ್ಬ ಡಾಕ್ಟರನ್ನು ಕಂಡು ಬಂದವಳನ್ನು ಕೇಳುವ ಹಾಗೆ.

"ನೋಡೋಣ ಅಂದ್ರಮ್ಮ" ಅಂದುಬಿಟ್ಟೆ.

ಅವಳು ಒಳಗೆ ಕೂಗಿದ್ದು ಕೇಳಿಸಿತು: "ನೋಡೋಣ ಅಂದಿದ್ದಾರಂತೆ ರೀ! ಏಳಿ, ಈಗಾದ್ರೂ ಎರಡು ತುತ್ತು ತಿನ್ನಿ."