ಹೊಸ್ತಿಲಲ್ಲಿ ನಿಂತು ‘ಸೀ ಯೂ’

೧೨-೮-೧೯೯೩, ಗುರುವಾರ

ಗೆದ್ದೆ! ಸೋಮವಾರ ನಿಂತುಹೋಗಿದ್ದ ನನ್ನ ಇಂಗ್ಲಿಷ್ ಕ್ಲಾಸು ಇವತ್ತು ಮತ್ತೆ ಶುರುವಾಯಿತು.

ಅವತ್ತು ಕ್ಲಾಸಿಗೆಂದು ಸಿಂಧನೂರಿನ ಬಸ್ಸಿಗೆ ಹೊರಟವಳು, ಹೊಸದಾಗಿ ಕಲಿತ ಹುರುಪಿನಲ್ಲಿ ಹೊಸ್ತಿಲ ಮೇಲೆ ನಿಂತು ‘ಗುಡ್ ಬೈ’ ಎಂದೆ. ಪೆದ್ದಿ, ಅರ್ಥವನ್ನೂ ಹೇಳಿದೆ: “ಹೋಗ್ತೀನಿ ಅಂತ್ರಿ ಅತ್ತಿ.”

“ಮನಿ ಸೊಸಿ ಹೊಸ್ತಿಲದಾಗ ನಿಂತು ಹೋಗ್ತೀನಿ ಅನ್ನೋದೇನು? ಅಂಥಾ ವಿದ್ಯಾ ಬ್ಯಾಡ. ಒಳಗ ನಡಿ!”

ನಮ್ಮವರು ಎಂದಿನಂತೆ ಪೇಪರಿನ ಹಿಂದೆ ಅಡಗಿದರು.

ಎರಡು ದಿನ ಪುಸ್ತಕವನ್ನೆಲ್ಲ ತಡಕಾಡಿದೆ. ಇವತ್ತು ಅದೇ ಹೊಸ್ತಿಲಲ್ಲಿ ನಿಂತು ‘ಸೀ ಯೂ’ ಎಂದೆ.

“ಅಂದ್ರ?”

“ಮತ್ತ ಕಾಣ್ತೀನಿ ಅಂತ್ರಿ.”

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. “ಹೋಗಿ ಬರ್ತೀನಿ ಅಂದಂಗಾತು. ಹಂಗಾರ ಇಂಗ್ಲಿಷಿನವ್ರಿಗೂ ದಾರಿ ಕಾಯೋರು ಅದಾರನ್ನು. ಹೋಗಿ ಬಾ.”

ಬಸ್ಸಿನುದ್ದಕ್ಕೂ ಒಬ್ಬಳೇ ನಗುತ್ತಿದ್ದೆ.

ಸಂಜೆ ಬಳಗಾನೂರಿನಲ್ಲಿ ಇಳಿದು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಬಂದ್ಯಾ? ಮನಿಗೆ ಬಂದೋರನ್ನ ಹಿಂಗ ಕೇಳಾಕ ಇಂಗ್ಲಿಷಿನವ್ರು ಏನಂತಾರ?”

“ಅದನ್ನಿನ್ನೂ ಕಲಿಸಿಲ್ರಿ ಅತ್ತಿ.”

“ನಾಳಿ ಹೋಗಿ ಕೇಳ್ಕೊಂಡು ಬಾ.”

ಕ್ಲಾಸು ಬಿಡಿಸಿದ ಅದೇ ಬಾಯಿ! ಇನ್ನು ನಾನು ಒಂದು ದಿನ ತಪ್ಪಿಸಿದರೂ ಉಳಿಗಾಲವಿಲ್ಲ.