ಹಾಜರಿಯಲ್ಲಿ ಸಿಗದ ಒಂದು ಓಟು

ಹೊರಮಾವು, ಬೆಂಗಳೂರು
14-6-2004, ಸೋಮವಾರ

ಪ್ರೀತಿಯ ಅಪ್ಪಾ,

ಮೊದಲಿಗೇ ಕ್ಷಮಿಸಿಬಿಡಿ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ನಾಲ್ಕನೇ ಕ್ಲಾಸಿನಲ್ಲಿ ನೀವು ಬೋರ್ಡಿನ ಮೇಲೆ ಬರೆಸಿದ ರಜಾ ಅರ್ಜಿ ಬಿಟ್ಟರೆ ನಾನು ಯಾರಿಗೂ ಕಾಗದ ಬರೆದವಳಲ್ಲ. ಒತ್ತು, ದೀರ್ಘ ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ, ಬಂದಾಗ ತೋರಿಸಿ, ಹತ್ತು ಸಲ ತಿದ್ದುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾಲೂರಿಗೆ ಫೋನು ಮಾಡಿದಾಗಲೆಲ್ಲ ಅತ್ತೆ, ನೀವು ತೋಟಕ್ಕೆ ಹೋಗಿದ್ದೀರಿ ಅನ್ನುತ್ತಾರೆ. ಹಿಂದೆ ನಿಮ್ಮ ಕೆಮ್ಮು ಕೇಳಿಸುತ್ತಿರುತ್ತದೆ. ಅತ್ತೆಗೆ ಸುಳ್ಳು ಹೇಳಿಸುವುದು ಬೇಡ ಎಂದು ಈಗ ಫೋನು ಮಾಡುವುದನ್ನೇ ಬಿಟ್ಟಿದ್ದೇನೆ.

ಕೆಮ್ಮು ಹೇಗಿದೆ? ಬಿ.ಪಿ. ಮಾತ್ರೆ ಬೆಳಿಗ್ಗೆ ತಿಂಡಿಯಾದ ಮೇಲೆ, ರಾತ್ರಿ ಅಲ್ಲ. ನೀವು ಹೋಗುವಾಗ ಹಳೇ ಚೀಟಿ ಇಲ್ಲೇ ಬಿಟ್ಟಿದ್ದೀರಿ, ಈ ಕಾಗದದ ಜೊತೆ ಇಟ್ಟಿದ್ದೇನೆ. ಅಮ್ಮನ ಮಂಡಿ ನೋವು ಹಾಗೇ ಇದೆ, ಕೂತರೆ ಏಳುವುದಕ್ಕೆ ಗೋಡೆ ಬೇಕು. ನೀವೆಲ್ಲಿ ಎಂದು ಕೇಳಿದವರಿಗೆಲ್ಲ ಅಮ್ಮ, "ನಾದ್ನಿ ಮನೇಲಿ ಮಾವಿನ್ಕಾಯಿ ಕೀಳ್ಸಕ್ಕೆ ಹೋಗವ್ರೆ" ಅನ್ನುತ್ತಾಳೆ. ಮಾವಿನ ಕಾಲ ಮುಗಿಯುತ್ತ ಬಂತು. ಇನ್ನು ಏನು ಹೇಳಬೇಕೋ ಅವಳಿಗೆ ತೋಚುತ್ತಿಲ್ಲ. ಹಿಂದಿನ ಶೀಟಿನ ಮನೆಯಲ್ಲಿ ಬಾಡಿಗೆಗಿರುವ ಯಾದಗಿರಿಯ ಸಾಬಮ್ಮ ಮಾತ್ರ ಮಾವಿನಕಾಯಿ ಕಥೆ ನಂಬಲಿಲ್ಲ. ಗಾರೆ ಕೆಲಸಕ್ಕೆ ಹೋಗುವ ಮುಂಚೆ ನೀರು ಹಿಡಿಯುತ್ತ ನನ್ನನ್ನೇ ನಿಲ್ಲಿಸಿಕೊಂಡು, "ಮೇಷ್ಟ್ರು ಸಿಟ್ಟಿಗೆದ್ದು ಹೋಗ್ಯಾರ ಹೌದಿಲ್ಲೋ? ನಮ್ಮ ಓಟು ಊರಾಗ ಅವ ತಾಯಿ. ಇಲ್ಲಿದ್ರ ನಾನೂ ನಮ್ಮ ಮನ್ಯಾಗಿನ ನಿಂಗಣ್ಣನೂ ನಿಮ್ಮಪ್ಪಗೇ ಒತ್ತತಿದ್ವಿ. ಎರಡರೆ ಹೆಚ್ಚಾಗ್ತಿದ್ವು" ಎಂದಳು. ನನಗೆ ನಗು ಬಂತು, ಆಮೇಲೆ ಬಿಂದಿಗೆ ತುಂಬಿ ನೀರು ಹರಿದು ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಜೂನ್ ಬಂತಲ್ಲ, ನಿಮ್ಮನ್ನು ಕೇಳಿಕೊಂಡು ಬರುವವರು ಇದ್ದಾರೆ. ಮೊದಲಿನ ಹಾಗೆ ಗೇಟಿನಾಚೆವರೆಗೂ ಸಾಲಿಲ್ಲ, ದಿನಕ್ಕೆ ಒಬ್ಬರೋ ಇಬ್ಬರೋ. ಬಾಡಿಗೆ ಮನೆಯವರಿಗೆ ರೇಷನ್ ಕಾರ್ಡು ಇರುವುದಿಲ್ಲ, ದೊಡ್ಡ ಶಾಲೆಯವರು ಮೆಂಬರ ಕಾಗದವಿಲ್ಲದೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಈ ಮಗುವಿನ ತಂದೆತಾಯಿ ನನಗೆ ತಿಳಿದವರು, ಇದೇ ಊರಿನಲ್ಲಿ ವಾಸವಾಗಿದ್ದಾರೆ ಎಂದು ನೀವು ನಾಲ್ಕು ಸಾಲು ಬರೆದು ರುಜು ಹಾಕಿ ನನ್ನ ಕಡೆ ತಳ್ಳುತ್ತಿದ್ದಿರಿ. ಸೀಲು ಒತ್ತುವುದು ನನ್ನ ಕೆಲಸವಾಗಿತ್ತು. ಮೊದಲು ಪಂಚಾಯ್ತಿ ಅಧ್ಯಕ್ಷರ ಸೀಲು, ಆಮೇಲೆ "ಮುನಿಶಾಮಿ, ಸದಸ್ಯರು, ತಾಲೂಕು ಪಂಚಾಯ್ತಿ" ಎಂಬ ಸೀಲು. ಹತ್ತು ಜೂನ್‌ಗಳಲ್ಲಿ ಎಷ್ಟು ಮಕ್ಕಳನ್ನು ಹೀಗೆ ಶಾಲೆಗೆ ಕಳಿಸಿದೆವೋ. ಒಂದು ಕೈಯಲ್ಲಿ ಟೀ ಲೋಟ ಕೊಟ್ಟು ಇನ್ನೊಂದು ಕೈಯಲ್ಲಿ ಸೀಲು ಒತ್ತಿ, "ಒಣಗಕ್ಕೆ ಬಿಡ್ರಿ, ಮಡಿಸ್ಬೇಡಿ" ಅನ್ನುತ್ತಿದ್ದೆ. ಹೊಸಬರ ಎದುರಿಗೆ ನನ್ನ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ಪೆಟ್ಟಿಗೆಯಲ್ಲಿ ಆ ಸೀಲು ಹುಡುಕುವಾಗ ನನ್ನ ಟಿ.ಸಿ. ಸಿಕ್ಕಿತು. ತೊಂಬತ್ತಮೂರರ ಮೇ ತಿಂಗಳಲ್ಲಿ, ಎಲೆಕ್ಷನ್ನಿಗೆ ನಿಲ್ಲಲು ಮೇಷ್ಟ್ರ ಕೆಲಸಕ್ಕೆ ರಾಜೀನಾಮೆ ಕೊಟ್ಟ ವಾರವೇ ನೀವು ಬರೆದದ್ದು. ಎಷ್ಟು ಮುದ್ದಾದ ಅಕ್ಷರ. ಶಾಲೆ ಬಿಡಲು ಕಾರಣ ಎಂಬಲ್ಲಿ "ಮುಂದಿನ ವ್ಯಾಸಂಗಕ್ಕಾಗಿ" ಎಂದಿದೆ. ಆ ಜೂನ್‌ನಲ್ಲಿ ಅಮ್ಮ ಬೌರಿಂಗ್ ಆಸ್ಪತ್ರೆಯಲ್ಲಿದ್ದಳು, ಮನೆ ತುಂಬ ಜನ, ಅನ್ನಕ್ಕೂ ಟೀಗೂ ನಾನೇ. ಸ್ಟೂಲು ಹಾಕಿಕೊಂಡು ಒಲೆಯ ಮುಂದೆ ನಿಂತಿರುತ್ತಿದ್ದೆ. "ಎಲೆಕ್ಷನ್ ಒಂದು ಮುಗೀಲಿ ಮಗಾ, ನಾನೇ ಬಾಣಸವಾಡಿಗೆ ಕರ್ಕೊಂಡೋಗಿ ಐದನೇ ಕ್ಲಾಸಿಗೆ ಸೇರಿಸ್ತೀನಿ" ಎಂದಿರಿ. ಡಿಸೆಂಬರಿನಲ್ಲಿ ಎಲೆಕ್ಷನ್ ಮುಗಿಯಿತು, ಗೆದ್ದಿರಿ, ಅಧ್ಯಕ್ಷರಾದಿರಿ. ಮುಂದಿನ ಜೂನ್‌ನಲ್ಲೂ ಹಾಗೇ ಎಂದಿರಿ. ಅದರ ಮುಂದಿನ ಜೂನ್‌ನಲ್ಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇದನ್ನು ದೂರು ಎಂದು ಬರೆಯುತ್ತಿಲ್ಲ ಅಪ್ಪಾ. ಕೆಳಗಿನ ಕಾಲೋನಿಗೆ ನಲ್ಲಿ ಬಂದದ್ದು ನಿಮ್ಮಿಂದ, ಶಾಲೆಗೆ ಎರಡು ಹೊಸ ಕೋಣೆಗಳಾದದ್ದು ನಿಮ್ಮಿಂದ, ಊರಿಗೆಲ್ಲ ಗೊತ್ತು. ಪೆಟ್ಟಿಗೆ ತೆಗೆದೆ, ಅದು ಕೈಗೆ ಸಿಕ್ಕಿತು, ಹೇಳಿದೆ ಅಷ್ಟೆ.

ಈ ಸಲ ಎಮ್ಮೆಲ್ಲೆ ಟಿಕೆಟ್ಟಿಗೆ ನೀವು ಪಾರ್ಟಿ ಆಫೀಸಿಗೆ ಹೋದ ಮೂರು ದಿನ ನಾನು ಮರೆತಿಲ್ಲ. ಬುತ್ತಿ ತಂದು ಕೊಟ್ಟಾಗ ನೋಡಿದೆನಲ್ಲ, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದಿರಿ. ನಿಮಗಿಂತ ಚಿಕ್ಕವರು ಒಳಗೆ ಹೋಗಿ ಬರುತ್ತಿದ್ದರು. ನೀವು ಪ್ರತಿ ಸಲ ಎದ್ದು ನಿಂತು ಮತ್ತೆ ಕೂರುತ್ತಿದ್ದಿರಿ. ಕೊನೆಗೆ ಬಿ ಫಾರಂ ಲೇಔಟು ಮಾಡುವ ಲಕ್ಷ್ಮಿಕಾಂತನಿಗೆ ಹೋಯಿತು. ಮನೆಗೆ ಬಂದವರು, "ಇಂಡಿಪೆಂಡೆಂಟಾಗಿ ನಿಲ್ತೀನಿ. ಹತ್ತೊಂಬತ್ತು ವರ್ಷ ಪಾಠ ಹೇಳಿದೀನಿ, ನನ್ನ ಮಕ್ಕಳೇ ನನಗೆ ಪಾರ್ಟಿ" ಎಂದಿರಿ. ಅಮ್ಮ, "ಆ ಮಕ್ಳೆಲ್ಲ ಈಗ ಸೈಟು ಮಾರೋರಾಗವ್ರೆ ಕಣ್ರೀ" ಎಂದಳು. ಚಿಹ್ನೆ ಸ್ಲೇಟು ಬಂತು. ಆ ದಿನ ನೀವು ನಕ್ಕ ಹಾಗೆ ಮತ್ತೆ ನಕ್ಕಿದ್ದನ್ನು ನಾನು ನೋಡಿಲ್ಲ.

ಬಿಲ್ಕೀಸಕ್ಕನ ವಿಷಯಕ್ಕೆ ಬರುತ್ತೇನೆ. ಕೋಪ ಮಾಡಿಕೊಂಡು ಕಾಗದ ಮಡಿಸಬೇಡಿ. ಅವಳು ನಿಮ್ಮ ಮೊದಮೊದಲ ಹುಡುಗಿಯರಲ್ಲಿ ಒಬ್ಬಳು. ಅವಳನ್ನು ಶಾಲೆಗೆ ಕಳಿಸಿ ಎಂದು ಅವರಪ್ಪನ ಬಾಗಿಲಲ್ಲಿ ನೀವು ಮೂರು ದಿನ ನಿಂತಿದ್ದನ್ನು ಅವಳೇ ಎಷ್ಟೋ ಸಲ ಹೇಳಿದ್ದಾಳೆ. "ಸಾರ್ ಬಾಗ್ಲಲ್ಲಿ ನಿಂತ್ರೆ ನಮ್ಮಬ್ಬಾಗೆ ಬೀಡಿ ಸೇದಕ್ಕೂ ಆಗ್ತಿರ್ಲಿಲ್ಲ, ಅದಕ್ಕೇ ಕಳಿಸ್ಬಿಟ್ರು" ಎಂದು ನಗುತ್ತಿದ್ದಳು. ಈ ಸಲ ಹದಿನೈದು ದಿನ ಬಿಸಿಲಲ್ಲಿ ಮನೆಮನೆಗೆ ತಿರುಗಿದಳು. ಉರ್ದುವಿನಲ್ಲೊಮ್ಮೆ, ತಮಿಳಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಸ್ಲೇಟು, ಸ್ಲೇಟು ಎಂದು ಗಂಟಲು ಕಟ್ಟಿಸಿಕೊಂಡಳು.

ಎಣಿಕೆಯ ದಿನ ನಿಮ್ಮ ಏಜೆಂಟು ಪ್ರೇಮ್‌ಕುಮಾರ್ ಬೂತುವಾರು ಲೆಕ್ಕದ ಹಾಳೆ ತಂದುಕೊಟ್ಟ. ಒಟ್ಟು ಎಷ್ಟು ಬಂತು ಎಂಬುದನ್ನು ನೀವು ನೋಡಲೇ ಇಲ್ಲ. ನಮ್ಮ ಶಾಲೆಯ ಬೂತು ಹುಡುಕಿದಿರಿ. ಅರವತ್ತೊಂದು ಓಟು. ಎಂಟುನೂರಕ್ಕೂ ಹೆಚ್ಚು ಜನ ಓಟು ಹಾಕಿದ ಬೂತು, ನೀವು ಪಾಠ ಮಾಡಿದ ಕೋಣೆ. ಆಮೇಲೆ ಎರಡು ದಿನ ಊಟ ಬಿಟ್ಟು ಮತದಾರರ ಪಟ್ಟಿ ಮುಂದಿಟ್ಟುಕೊಂಡು ಕೂತಿರಿ. ನಿಮಗೇ ಓಟು ಹಾಕಿದೆವೆಂದು ಆಣೆ ಮಾಡಿದವರ ಹೆಸರಿನ ಮುಂದೆ ಕೆಂಪು ಪೆನ್ಸಿಲಿನಲ್ಲಿ ಗುರುತು. ಹಿಂದೆ ಹಾಜರಿ ಕೂಗುವಾಗ ಒಂದು ತಲೆ ಕಡಿಮೆ ಬಿದ್ದರೆ ಹುಣಸೆಮರದವರೆಗೂ ಹೋಗಿ ಹುಡುಕಿ ತರುತ್ತಿದ್ದಿರಲ್ಲ, ಅದೇ ರೀತಿ. ಗುರುತುಗಳು ಅರವತ್ತೆರಡಾದವು. ಮಿಷನ್ನಿನಲ್ಲಿ ಅರವತ್ತೊಂದು. "ಹಾಗಾದರೆ ಇವರಲ್ಲಿ ಒಬ್ಬರು ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದ್ದಾರೆ" ಎಂದಿರಿ. ಓಟಿನ ದಿನ ಬಿಲ್ಕೀಸ್ ಲಕ್ಷ್ಮಿಕಾಂತನ ಕಡೆಯ ಆಟೋದಲ್ಲಿ ಬಂದಿಳಿದಿದ್ದನ್ನು ಕಣ್ಣಾರೆ ನೋಡಿದೆ ಎಂದು ಪ್ರೇಮ್‌ಕುಮಾರ್ ಹೇಳಿದ್ದೇ ಸಾಕಾಯಿತು.

ಅವಳ ಅತ್ತೆಗೆ ನಡೆಯಲಾಗುವುದಿಲ್ಲ ಅಪ್ಪಾ. ಸಿಕ್ಕ ಆಟೋದಲ್ಲಿ ಕರೆದುಕೊಂಡು ಬಂದಳು, ಅಷ್ಟೆ. ನೀವು ನಮ್ಮ ಮೆಟ್ಟಿಲ ಮೇಲೆ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ, "ನನ್ನ ಕೈಲೇ ಅಕ್ಷರ ಕಲ್ತು ನನಗೇ ಮೋಸ ಮಾಡ್ದಲ್ಲಮ್ಮಾ, ಆಟೋಗೆ ಮಾರ್ಕೊಂಡ್ಯಾ" ಎಂದಿರಿ. "ಅಲ್ಲಾ ಕಸಮ್ ಸಾರ್, ನಾನು ಸ್ಲೇಟಿಗೇ ಒತ್ತಿದ್ದು" ಎಂದಳು, ಒಂದೇ ಸಲ. ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸ್ಲೇಟಿನ ಬ್ಯಾಡ್ಜು ತೆಗೆದು ಮೆಟ್ಟಿಲ ಮೇಲಿಟ್ಟು ಹೋದಳು. ಅಮ್ಮ ನಿಮಗೆ, "ಹೆಣ್ಮಗಳನ್ನ ಬೀದೀಲಿ ಹಾಗನ್ಬಾರ್ದಾಗಿತ್ತು ರೀ" ಎಂದದ್ದಕ್ಕೆ ನೀವು ಬ್ಯಾಗು ಹಿಡಿದು ಮಾಲೂರು ಬಸ್ಸು ಹತ್ತಿದಿರಿ.

ಅವಳ ಮಗಳು ಶಕೀಲಾ ಈ ವರ್ಷ ನಮ್ಮ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದಳು, ಐದನೆಯದಕ್ಕೆ ಬಾಣಸವಾಡಿಗೆ ಹೋಗಬೇಕು. ಅಲ್ಲಿ ಸೇರಿಸಿಕೊಳ್ಳುವುದು ಜೂನ್ ಮೂವತ್ತರವರೆಗೆ ಮಾತ್ರ, ಅವರದೂ ಬಾಡಿಗೆ ಮನೆ, ಮೆಂಬರ ಕಾಗದ ಬೇಕು. ಬೇಕಾದವರೆಲ್ಲ ಬಂದು ಕೇಳಿದರು, ಬಿಲ್ಕೀಸಕ್ಕ ಬರಲಿಲ್ಲ. ನಾನೇ ಹೋದೆ. ಬಾಗಿಲಲ್ಲೇ ನಿಂತು, ಅಪ್ಪ ಬಂದ ಕೂಡಲೇ ಶಕೀಲಾಗೆ ಕಾಗದ ಬರೆಸಿಕೊಡುತ್ತೇನೆ ಎಂದೆ. ಅವಳ ಗಂಡ ಅಕ್ತರ್ ಗ್ಯಾರೇಜಿಗೆ ಹೊರಟಿದ್ದವರು, "ಮೇಷ್ಟ್ರ ಮನೆ ಕಾಗ್ದ ನಮಗ್ಯಾಕಮ್ಮ? ಓದಿದ್ದು ಸಾಕು, ಹುಡ್ಗಿ ಮನೇಲಿ ಊದ್ಬತ್ತಿ ಹೊಸೀಲಿ" ಎಂದರು. ಬಿಲ್ಕೀಸಕ್ಕ ತಲೆ ಎತ್ತಲಿಲ್ಲ. ಶಕೀಲಾ ಮೂಲೆಯಲ್ಲಿ ಮಣೆಯ ಮುಂದೆ ಕೂತು ಆಗಲೇ ಹೊಸೆಯುತ್ತಿದ್ದಳು. ಕೈಯೆಲ್ಲ ಕಪ್ಪು. ನನ್ನನ್ನು ನೋಡಿ ನಕ್ಕಳು. ಹೊಸೆಯುವುದು ಚೆನ್ನಾಗಿ ಬರುತ್ತದೆ ಎಂದು ಒಂದು ಕಡ್ಡಿ ಎತ್ತಿ ತೋರಿಸಿದಳು.

ಮಾಲೂರಿನ ಅತ್ತೆ ಮಾವನಿಗೆ ನನ್ನ ನಮಸ್ಕಾರ ತಿಳಿಸಿ. ಅಮ್ಮ ಏನೂ ಹೇಳಿ ಕಳಿಸಲಿಲ್ಲ, ಆದರೆ ನಾನು ಬರೆಯುತ್ತಿರುವುದನ್ನು ನೋಡಿ ದೀಪದ ಬತ್ತಿ ಏರಿಸಿ ಹೋದಳು, ಕರೆಂಟಿಲ್ಲ. ದೂರದಿಂದಲೇ ನಿಮ್ಮ ಕಾಲು ಮುಟ್ಟಿದೆ ಎಂದುಕೊಳ್ಳಿ, ತಲೆಯ ಮೇಲೆ ಕೈಯಿಡಿ.

ನಿಮ್ಮ ಮಗಳು,
ಹಂಸ

ವಿ.ಸೂ.: ನಿನ್ನೆ ಬರೆದು ಮಡಿಸಿಟ್ಟಿದ್ದೆ. ಇದನ್ನು ಬರೆಯದೆ ಅಂಟಿಸಿದರೆ ಮೇಲಿನದ್ದೆಲ್ಲ ಸುಳ್ಳಾಗುತ್ತದೆ. ಅಪ್ಪಾ, ಪಟ್ಟಿಯಲ್ಲಿ ಮೊದಲ ಗುರುತು ನಿಮ್ಮದು, ಎರಡನೆಯದು ಅಮ್ಮನದು, ಮೂರನೆಯದು ನನ್ನದು. ಆ ಮೂರನ್ನು ನೀವು ಯಾರನ್ನೂ ಕೇಳದೆ ಹಾಕಿದಿರಿ. ಮೂರನೆಯದನ್ನು ಅಳಿಸಿ. ಅದು ನನ್ನ ಮೊದಲ ಓಟು. ಮಿಷನ್ನು ಇಟ್ಟಿದ್ದದ್ದು ನಾನು ನಾಲ್ಕನೇ ಕ್ಲಾಸಿನಲ್ಲಿ ಕೂರುತ್ತಿದ್ದ ಜಾಗದಲ್ಲೇ, ಬೋರ್ಡಿನ ಕೆಳಗೆ. ಸ್ಲೇಟಿನ ಚಿತ್ರ ಕಂಡಿತು, ಬೆರಳೂ ಅದರ ಹತ್ತಿರ ಹೋಯಿತು. ನೀವು ಗೆದ್ದರೆ ಇನ್ನೂ ದೊಡ್ಡ ಮನೆ, ಇನ್ನೂ ಜನ, ಇನ್ನೂ ಟೀ, ಸೋತರೆ ಅಪ್ಪ ಮನೆಗೆ ಬರುತ್ತಾರೆ, ಸಂಜೆ ಜಗಲಿಯ ಮೇಲೆ ಕೂತು ನನಗೂ ಒಂದಿಷ್ಟು ಉಕ್ತಲೇಖನ ಹೇಳುತ್ತಾರೆ ಎಂದು ಅನ್ನಿಸಿಬಿಟ್ಟಿತು. ಎಲ್ಲಕ್ಕಿಂತ ಕೆಳಗೆ ಹೊಲಿಗೆ ಮಿಷನ್ನಿನ ಚಿತ್ರವಿತ್ತು, ಅದಕ್ಕೆ ಒತ್ತಿದೆ. ಅದು ಯಾರದೆಂದು ಈಗಲೂ ಗೊತ್ತಿಲ್ಲ. ಸೋತು ನೀವು ಮನೆ ಬಿಟ್ಟು ಹೋಗುತ್ತೀರಿ ಎಂದು ಹೊಳೆಯಲೇ ಇಲ್ಲ. ಮೆಟ್ಟಿಲ ಮೇಲೆ ನೀವು ಬಿಲ್ಕೀಸಕ್ಕನನ್ನು ಅನ್ನುವಾಗ ನಾನು ಬಾಗಿಲ ಹಿಂದೆಯೇ ಇದ್ದೆ, ಬಾಯಿ ಬರಲಿಲ್ಲ. ನನ್ನನ್ನು ಏನು ಬೇಕಾದರೂ ಅನ್ನಿ. ಮೂವತ್ತರೊಳಗೆ ಬಂದು ಅವಳ ಬಾಗಿಲಲ್ಲಿ ಒಂದು ಸಲ ನಿಲ್ಲಿ, ಮೊದಲು ನಿಂತಿದ್ದಿರಲ್ಲ ಹಾಗೆ. ಇವತ್ತು ಬೆಳಿಗ್ಗೆ ಹಳೇ ಬ್ರಷ್ಷಿನಿಂದ ನಿಮ್ಮ ಸೀಲಿನ ಸಂದಿಯಲ್ಲಿ ಒಣಗಿದ್ದ ಶಾಯಿ ಉಜ್ಜಿ ತೆಗೆದು, ಪ್ಯಾಡಿಗೆ ಹೊಸ ಶಾಯಿ ಬಿಟ್ಟು, ಸರಿಯಾಗಿ ಬೀಳುತ್ತದೋ ಎಂದು ಹಳೇ ಪೇಪರಿನ ಮೇಲೆ ಒಮ್ಮೆ ಒತ್ತಿ ನೋಡಿದೆ. ನಿಮ್ಮ ಹೆಸರು ಪೂರ್ತಿ ಮೂಡಿತು.