ಬದುಕಿದ್ದವರ ಸಾವಿನ ಚೀಟಿ

ಮಾರ್ಚ್ 3, ಶುಕ್ರವಾರ

ಸೇತುವೆ ಕಾವಲು, ನಲವತ್ತೊಂದನೇ ದಿನ. ಆರರಿಂದ ಹತ್ತರವರೆಗೆ ನಾನು, ತಿಹೋಮಿರ್ ಮಾವ — ರಿಟೈರಾದ ಬಸ್ ಡ್ರೈವರ್. ಪೈಪಿನ ಲಾರಿ ಬರಲಿಲ್ಲ. ಜೆಲೆನ್ಕಾ ದಡ ಮುಟ್ಟಿ ಹರಿಯುತ್ತಿದೆ. ಇಂಥ ನದಿಯನ್ನು ಪೈಪಿನೊಳಗೆ ತುರುಕಿ ಕರೆಂಟು ಮಾಡುತ್ತಾರಂತೆ! ಊರ ಸಮಿತಿ ಅಧ್ಯಕ್ಷರ ಸಹಿ, ಮೊಹರು ಬೀಳದೆ ಒಂದು ಪೈಪೂ ಒಳಗೆ ಬರುವಂತಿಲ್ಲ. ಅಧ್ಯಕ್ಷರು ನನ್ನ ತಾತ. ಮೂವತ್ತು ವರ್ಷದಿಂದ. ಅದಕ್ಕೇ ಭಯವಿಲ್ಲ.

ಆದರೆ ತಾತ ಇವತ್ತೂ ಸೇತುವೆಗೆ ಬರಲಿಲ್ಲ. ಹತ್ತೂವರೆಗೆ ಮನೆಗೆ ಬಂದರೆ ಇನ್ನೂ ಹಾಸಿಗೆಯಲ್ಲಿ.

"ಏಳಿ ತಾತ. ಹೋರಾಟ ನಿದ್ದೆ ಮಾಡಲ್ಲ."

"ಅದಕ್ಕೇ ಕಣೇ ನೆವೆನಾ, ಅದಕ್ಕೆ ಯಾವಾಗಲೂ ಸಿಟ್ಟು," ಅಂದು ಮಗ್ಗುಲು ಬದಲಿಸಿದರು.

ಅಮ್ಮ ಅಡುಗೆಮನೆಯಿಂದ: "ಎಪ್ಪತ್ತಾರು ವರ್ಷ ಕಣೇ ಅವರಿಗೆ. ಕ್ಯಾನ್ಸರ್ ಗೆದ್ದು ಬಂದವರು." ಎರಡು ವರ್ಷದ ಹಿಂದಿನ ಮಾತು. ಲಿಂಫೋಮಾ. ವಾಸಿ ಎಂದು ಡಾಕ್ಟರೇ ಬರೆದುಕೊಟ್ಟಾಗಿದೆ. ಇನ್ನೆಷ್ಟು ದಿನ ಅದೇ ನೆಪ?

ಮಾರ್ಚ್ 6

ಮನೆಯಲ್ಲಿ ಸಮಿತಿ ಸಭೆ. ತಾತ ಹಣ್ಣಿನ ಸಾರಾಯಿ ರಾಕಿಯಾ ಸುರಿದರು — ಅರ್ಧ ಗ್ಲಾಸಿಗೆ, ಅರ್ಧ ಮೇಜಿಗೆ. ಅಂಗಿಯ ಗುಂಡಿ ತಪ್ಪು ಕಾಜಕ್ಕೆ. ನನ್ನನ್ನು ಎರಡು ಸಲ "ದೊಬ್ರಿಲಾ" ಎಂದರು. ಅದು ಅವರ ತಂಗಿಯ ಹೆಸರು. ನಾನು ನೀರಿನ ಹಕ್ಕಿನ ಬಗ್ಗೆ ಓದುತ್ತಿದ್ದಾಗ ನಡುವೆ ನಕ್ಕರು. ನಗುವಂಥದ್ದೇನೂ ಇರಲಿಲ್ಲ.

ಮುಖ ಕೊಟ್ಟು ಮಾತಾಡುತ್ತಿಲ್ಲ. ಹೋರಾಟಗಾರರಿಗೆಂದು ಅಚ್ಚಾದ ನನ್ನ ಹಸಿರು ಕಿರುಹೊತ್ತಿಗೆಯಲ್ಲಿದೆ: ನಾಯಕರು ಮೊದಲು ದಣಿಯುತ್ತಾರೆ, ಆಮೇಲೆ ಒಪ್ಪುತ್ತಾರೆ. ಅಡಿಗೆರೆ ಎಳೆದೆ. ಇನ್ನು ಮುಂದೆ ತಾತ ಮಾಡುವುದನ್ನೆಲ್ಲ ಬರೆದಿಡುತ್ತೇನೆ.

ಮಾರ್ಚ್ 9, ಸಂಜೆ

ಸಹಿ ಹಾಕಿದ್ದಾರೆ.

ನಾನು ಸೇತುವೆಯ ಮೇಲೆ ನಿಂತಿದ್ದೇನೆ, ಇಲ್ಲಿ ಮನೆಯೊಳಗೆ ಕಂಪನಿಯ ಎಂಜಿನಿಯರ್ ಕಾಫಿ ಕುಡಿಯುತ್ತಿದ್ದಾನೆ! ಒಪ್ಪಿಗೆ ಪತ್ರ, ಎರಡು ಪ್ರತಿ. ಎರಡಕ್ಕೂ ಸಹಿ, ಎರಡಕ್ಕೂ ಮೊಹರು. ತಿಹೋಮಿರ್ ಮಾವ ಸೇತುವೆಗೆ ಓಡಿ ಬಂದು ಹೇಳಿದರು.

"ಯಾಕೆ ತಾತ?"

"ಏನು ಯಾಕೆ?"

"ಪೈಪಿಗೆ ಯಾಕೆ ಸಹಿ ಹಾಕಿದ್ರಿ?"

"ಒಳ್ಳೇ ಹುಡುಗ ಅವನು. ಪೆನ್ನು ಕೊಟ್ಟ." ನಕ್ಕರು. ಗಡಿಯಾರ ನೋಡಿದರು. ಮತ್ತೆ ನಕ್ಕರು.

ನಾಚಿಕೆಯೂ ಇಲ್ಲ.

ಮಾರ್ಚ್ 10, ಬೆಳಗ್ಗೆ 7

ಮುಗಿಸಿ ಬಂದೆ. ಅರವತ್ತು ಪ್ರತಿ. ಊರಲ್ಲಿ ಯಾರಾದರೂ ಸತ್ತರೆ ಬಾಗಿಲಿಗೆ, ಕಂಬಕ್ಕೆ ಅಂಟಿಸುತ್ತೇವಲ್ಲ, ಅದೇ ಸಾವಿನ ಚೀಟಿ. ಕಪ್ಪು ಅಂಚು, ಶಿಲುಬೆ, ಫೋಟೋ. "ಬ್ರಾತಿಸ್ಲಾವ್ ಮ್ಲಾದೆನೊವಿಚ್, 1947–2023. ಜೆಲೆನ್ಕಾವನ್ನು ಮಾರಿದ ದಿನವೇ ತೀರಿಕೊಂಡರು. ಅಳುವವರು ಬೇಡ." ಬಸ್ ಸ್ಟಾಪ್, ಅಂಗಡಿ, ಚರ್ಚಿನ ಗೇಟು, ಪಕ್ಕದೂರಿನ ತಿರುವಿನವರೆಗೂ. ಕೆಳಗೆ ನನ್ನ ಹೆಸರಿಲ್ಲ. "ಜನತೆ" ಎಂದು ಹಾಕಿದೆ.

ಸತ್ಯ ಹೇಳುವುದಕ್ಕೆ ರಕ್ತಸಂಬಂಧ ಅಡ್ಡ ಬರಬಾರದು. ಬರಲಿಲ್ಲ.

ಮಾರ್ಚ್ 11

ಚೀಟಿ ನನ್ನದೆಂದು ತಿಳಿದು ಅಮ್ಮ ಹೊಡೆದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಅದಕ್ಕಿಂತ ಮೊದಲು ನಡೆದದ್ದು — ದೊಬ್ರಿಲಾ ಚಿಕ್ಕಜ್ಜಿ ಪಕ್ಕದೂರಿನಿಂದ ಕಪ್ಪು ಬಟ್ಟೆ ಉಟ್ಟು, ಸಾವಿನ ಮನೆಗೆಂದು ಸಿಹಿ ಗೋಧಿ ಬೇಯಿಸಿಕೊಂಡು ಬಂದಳು. ಗೇಟಿನಿಂದಲೇ ಗೋಳಾಡುತ್ತಾ. ಬಾಗಿಲು ತೆಗೆದವರು ತಾತನೇ.

ಚಿಕ್ಕಜ್ಜಿ ಅಲ್ಲೇ ಕುಸಿದು ಕೂತಳು. "ಅಯ್ಯೋ ಅಣ್ಣ... ನೀನು..."

"ಬಾರೇ ಒಳಗೆ," ಅಂದು ತಟ್ಟೆ ತೆಗೆದುಕೊಂಡು ಮೇಜಿಗೆ ಕೂತರು. ತಿನ್ನತೊಡಗಿದರು. "ಸಕ್ಕರೆ ಕಮ್ಮಿ ಹಾಕಿದ್ದೀಯ. ಯಾರು ಸತ್ತಿದ್ದು?"

ಚಮಚ ಅವರ ಎಡಗೈಯಿಂದ ಜಾರಿ ಬಿತ್ತು. ಬಿದ್ದ ಚಮಚವನ್ನೇ ನೋಡುತ್ತಾ ಕೂತರು. ಎತ್ತಿಕೊಳ್ಳಬೇಕು ಎನ್ನುವುದೇ ಮರೆತುಹೋದವರ ಹಾಗೆ. ಬಾಯಿಯ ಎಡ ಅಂಚಿನಲ್ಲಿ ಗೋಧಿ ಕಾಳು ಅಂಟಿತ್ತು, ಅದೂ ಅವರಿಗೆ ತಿಳಿಯಲಿಲ್ಲ.

ನಾಟಕ ಎಂದುಕೊಂಡೆ. ನಿಜ, ಹಾಗೇ ಅಂದುಕೊಂಡೆ.

ಮಾರ್ಚ್ 15, ನೀಶ್ ಪಟ್ಟಣ, ಆಸ್ಪತ್ರೆ ಕಾರಿಡಾರ್

ಮೊನ್ನೆ ತಾತ ಬಚ್ಚಲಲ್ಲಿ ಬಿದ್ದರು. ಸ್ಕ್ಯಾನ್ ಆಯಿತು.

ಮಿದುಳಲ್ಲಿ ಮೂರು ಕಡೆ ಗಡ್ಡೆ. ದೊಡ್ಡದು ಹಣೆಯ ಹಿಂದೆ.

ಡಾಕ್ಟರಮ್ಮ ಪೆನ್ನಿನಿಂದ ತೋರಿಸಿದರು. "ಹಳೇ ಲಿಂಫೋಮಾನೇ ಇರಬೇಕು. ಇವರಿಗೆ ಮೊದಲು ಬಂದಿದ್ದು ವೃಷಣದಲ್ಲಿ ಅಲ್ವಾ? ಅಲ್ಲಿಂದ ಮಿದುಳಿಗೆ ಹೋಗೋದು ಜಾಸ್ತಿ. ನಾವು ಹೆದರೋದೇ ಇದಕ್ಕೆ. ಬರಬಾರದು ಅಂತ ಬೆನ್ನಿಗೆ ನಾಲ್ಕು ಇಂಜೆಕ್ಷನ್ ಕೊಟ್ಟಿದ್ವಿ. ಆದ್ರೂ ಬಂದಿದೆ."

ತಾತ ಊರಿಗೆಲ್ಲ ಹೊಟ್ಟೆಯದ್ದು ಎಂದಿದ್ದರು. ನನಗೂ.

"ಹಣೆ ಹಿಂದಿನ ಈ ಜಾಗ ಕೆಟ್ಟರೆ ಮನುಷ್ಯ ಯಾರು ಏನು ಹೇಳಿದ್ರೂ ಹೂಂ ಅಂತಾನೆ. ಕಾರಣ ಇಲ್ಲದೆ ನಗ್ತಾನೆ. ಯಾವಾಗಿಂದ ಹೀಗಿದ್ದಾರೆ?"

ಅಮ್ಮ ನನ್ನ ಕಡೆ ನೋಡಿದಳು. ಈ ದಿನಚರಿ ಬ್ಯಾಗಿನಲ್ಲೇ ಇತ್ತು. ತೆಗೆದು ಓದಿದೆ. ಮೂರನೇ ತಾರೀಕು, ಹಗಲು ನಿದ್ದೆ. ಆರು, ಹೆಸರು ತಪ್ಪಿದ್ದು, ಗುಂಡಿ, ನಗು. ಒಂಬತ್ತು, ಸಹಿ. ಹನ್ನೊಂದು, ಚಮಚ. ನಡುವೆ ನಾನು ಬೈದ ಸಾಲುಗಳನ್ನೆಲ್ಲ ಹಾರಿಸಿ ಹಾರಿಸಿ ಓದಿದೆ.

"ಇಷ್ಟು ಸೂಕ್ಷ್ಮವಾಗಿ ಯಾರೂ ಬರೆದಿಡಲ್ಲ ಕಣಮ್ಮ," ಅಂದರು ಡಾಕ್ಟರಮ್ಮ. "ತಾತನ ಮೇಲೆ ಎಷ್ಟು ಜೀವ ನಿಂಗೆ!"



ಮಾರ್ಚ್ 17

ಬೆನ್ನುಹುರಿಯ ನೀರಿನಲ್ಲೂ ಕ್ಯಾನ್ಸರ್ ಕಣ ಸಿಕ್ಕಿತು. ಈಗ ಅನುಮಾನವಿಲ್ಲ. ಪರೀಕ್ಷೆ ಕೆಡಬಾರದೆಂದು ಅಲ್ಲಿಯವರೆಗೆ ತಡೆಹಿಡಿದಿದ್ದ ಸ್ಟಿರಾಯ್ಡ್ ಇವತ್ತು ಶುರು.

"ಇದರಿಂದ ಸ್ವಲ್ಪ ದಿನ ಪೂರ್ತಿ ಚೆನ್ನಾಗಿ ಕಾಣ್ತಾರೆ," ಅಂದರು ಡಾಕ್ಟರಮ್ಮ. "ವಾಸಿಯಾಯ್ತು ಅಂದ್ಕೋಬೇಡಿ. ಮಿದುಳಿಗೆ ತಲುಪೋ ನಿಜವಾದ ಔಷಧಿ ಬೇರೆ ಇದೆ, ಆದ್ರೆ ಅದನ್ನ ತಡೆಯೋ ಶಕ್ತಿ ಈ ವಯಸ್ಸಿನ ಮೂತ್ರಪಿಂಡಕ್ಕೆ ಇರುತ್ತೋ ಇಲ್ವೋ. ಕಮ್ಮಿ ಮಾಡಿ ಕೊಟ್ಟು ನೋಡೋಣ. ಇಪ್ಪತ್ತೆರಡಕ್ಕೆ."

ವಕೀಲರಿಗೆ ಫೋನ್ ಮಾಡಿದೆ. ಡಾಕ್ಟರ ಪತ್ರ ಇದ್ದರೆ ಸಹಿ ರದ್ದು ಮಾಡಿಸಬಹುದಂತೆ. ಊರ ಸಭೆಯಲ್ಲಿ ಗಟ್ಟಿಯಾಗಿ ಓದಿ ದಾಖಲಿಸಬೇಕು. ಸಭೆಯೂ ಇಪ್ಪತ್ತೆರಡಕ್ಕೇ.

"ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಅಂತ ಊರ ಮುಂದೆ ಓದ್ತೀಯಾ?" ಅಮ್ಮ ಕೇಳಿದಳು. "ಮೊದಲು ಅವರನ್ನ ಕೇಳು. ಈ ಸಲನಾದ್ರೂ ಕೇಳು."

ಮಾರ್ಚ್ 19, ಭಾನುವಾರ

ತಾತ ವಾಪಸ್ ಬಂದಿದ್ದಾರೆ. ಬೇರೆ ಹೇಗೆ ಬರೆಯಲಿ? ಎರಡು ತಟ್ಟೆ ಹುರುಳಿ ಸಾರು ಕುಡಿದರು. ಉಪ್ಪಿಲ್ಲ ಎಂದು ನರ್ಸನ್ನು ರೇಗಿಸಿದರು. ನನ್ನನ್ನು ನೆವೆನಾ ಎಂದರು.

"ಇಲ್ಲೇನು ಮಾಡ್ತಿದ್ದೀಯೇ? ಸೇತುವೆ ಯಾರು ನೋಡ್ತಿದ್ದಾರೆ?"

ಒಂದೂ ನೆನಪಿಲ್ಲ. ಸಹಿ ಹಾಕಿದ್ದನ್ನು ಹೇಳಿದೆ.

"ನನ್ನ ಕೈಯಾ?"

"ನಿಮ್ಮ ಕೈಯೇ ತಾತ."

"ಮೊಹರು?"

"ಅದೂ."

ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಪತ್ರದ ವಿಷಯ ಹೇಳಿದೆ.

"ಓದಲಿ. ತಲೆ ಕೆಟ್ಟಿತ್ತು ಅಂತಾನೇ ಓದಲಿ. ನೀನೇ ಓದು, ನಿಂಗೆ ಗಂಟಲು ದೊಡ್ಡದು." ಆಮೇಲೆ: "ಊರವರು ಏನಂದ್ರು?"

"ಏನೂ ಅನ್ನಲಿಲ್ಲ," ಅಂದೆ.

ಹೇಡಿ. ಹೇಡಿ. ಹೇಡಿ.

ಮಾರ್ಚ್ 21

ಚೀಟಿಗಳನ್ನು ಕೆರೆದು ತೆಗೆದೆವು, ತಿಹೋಮಿರ್ ಮಾವ ಮತ್ತು ನಾನು. "ನಮ್ಮನ್ನ ಒಡೆಯೋಕೆ ಕಂಪನಿಯವರು ಮಾಡಿದ ಕೆಲಸ ಇದು," ಎಂದು ಬೈಯುತ್ತಾ ಕೆರೆದರು ಮಾವ. ನಾನು ಹೂಂ ಎಂದೆ. ನಲವತ್ತನಾಲ್ಕು ಸಿಕ್ಕವು.

ಮಧ್ಯಾಹ್ನ ಆಸ್ಪತ್ರೆ. ನಾಳೆ ದೊಡ್ಡ ಔಷಧಿ. ಆಮೇಲೆ ಹೇಳುತ್ತೇನೆಂದರೆ ಕೇಳುವವರು ಇರುತ್ತಾರೋ ಇಲ್ಲವೋ. ಹೇಳಿಬಿಟ್ಟೆ. ಕಪ್ಪು ಅಂಚು, ಶಿಲುಬೆ, ಪ್ರತಿ ಪದ.

ಬೈಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದುಕೊಂಡೆ. ಕೇಳಿದ್ದು ಇಷ್ಟೇ.

"ನೋಡಕ್ಕೆ ಯಾರ‍್ಯಾರು ಬಂದಿದ್ರು?"

"ಚಿಕ್ಕಜ್ಜಿ."

"ಮತ್ತೆ?"

ಹೊದಿಕೆಯ ತುದಿ ಸರಿಮಾಡಿದೆ.

"ದೊಬ್ರಿಲಾ ಒಬ್ಬಳೇನಾ?"

ಸುಳ್ಳು ಚೀಟಿ ಎಂದು ಎಲ್ಲರಿಗೂ ಗೊತ್ತಿತ್ತು ತಾತ, ಅದಕ್ಕೇ ಯಾರೂ ಬರಲಿಲ್ಲ — ಅಂದೆ. ಅಂದೆನೋ, ಅನ್ನಬೇಕೆಂದುಕೊಂಡೆನೋ. ಗೋಡೆಯ ಕಡೆ ತಿರುಗಿಕೊಂಡಿದ್ದರು. ಮೂವತ್ತು ವರ್ಷ ಆ ಊರಿಗೆ ದುಡಿದವರು.

ಮಾರ್ಚ್ 22, ಬೆಳಗ್ಗೆ 9.20

ಪಂಚಾಯ್ತಿ ಮನೆ. ಹತ್ತಕ್ಕೆ ಸಭೆ. ಬೆಂಚು ತುಂಬುತ್ತಿದೆ. ಅಮ್ಮ ಆಸ್ಪತ್ರೆಯಲ್ಲಿ, ಡ್ರಿಪ್ ಎಂಟಕ್ಕೇ ಹಾಕಿದರಂತೆ. ಇವತ್ತು ಕರೆದರೆ ತಾತ ತಿರುಗಿ ನೋಡಲಿಲ್ಲವಂತೆ.

ಪತ್ರ ಮಂಡಿಯ ಮೇಲಿದೆ. "ರೋಗಿಯು ಮಾರ್ಚ್ 9ರಂದು ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಸ್ಥಿತಿಯಲ್ಲಿರಲಿಲ್ಲ." ಎರಡು ಸಲ ಓದಿ ಅಭ್ಯಾಸ ಮಾಡಿದೆ. ಇಷ್ಟೇ ಓದಿ ಕೂತರೆ ನದಿ ಉಳಿಯುತ್ತದೆ. ತಿಹೋಮಿರ್ ಮಾವ ಪಕ್ಕದಲ್ಲಿ ಜಾಗ ಹಿಡಿದಿದ್ದಾರೆ, ಬಾ ಎಂದು ಕೈ ಬೀಸುತ್ತಿದ್ದಾರೆ.

ಇದರ ಕೆಳಗೆ ಇನ್ನೊಂದು ಸಾಲು ಬೇಕು. ಅದನ್ನು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಇಲ್ಲೇ ಬರೆದುಕೊಳ್ಳುತ್ತೇನೆ, ಓದುವಾಗ ತಪ್ಪಬಾರದು —

ಮಾರ್ಚ್ 10ರಂದು, ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ತಿಳಿದಿದ್ದ ನಾನು, ನೆವೆನಾ ಮ್ಲಾದೆನೊವಿಚ್,